ಹಳದಿ ವೈರಿನಾಚೆ

ನಮ್ಮ ಸಣ್ಣತ್ತೆಯ ಮದುವೆ ಕ್ಯಾಸೆಟ್ಟಿನ ಟೇಪನ್ನು ಜೋಳದ ಹೊಲದ ಸುತ್ತ ಕಟ್ಟಿ ಹಕ್ಕಿ ಬೆದರಿಸಿದವನು ನಾನೇ. ಬೇರೆ ಯಾರ ಮೇಲೂ ಹೊರಿಸೋ ಹಾಗಿಲ್ಲ.

2003ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಊರಲ್ಲಿ ಬಿದ್ದುಕೊಂಡಿದ್ದೆ. ಹೊಳೆನರಸೀಪುರದ ಪೇಟೆಯಲ್ಲಿ ಕ್ಯಾಸೆಟ್ಟನ್ನ ಸಿಡಿ ಮಾಡಿಕೊಡ್ತಾರೆ ಅಂತ ಗೊತ್ತಾಯ್ತು. ಅಪ್ಪನ ತಲೆ ತಿಂದು ದುಡ್ಡು ಇಸ್ಕೊಂಡು, ಮೂರು ಗಂಟೆಯ ಕ್ಯಾಸೆಟ್ಟನ್ನು ಮೂರು ಸಿಡಿ ಮಾಡಿಸಿ ತಂದೆ. ಮನೆಯ ವಿಸಿಪಿ ಕೆಟ್ಟು ಮೂಲೆ ಸೇರಿತ್ತು, ಇನ್ನು ಈ ಕ್ಯಾಸೆಟ್ ಯಾತಕ್ಕೆ? ಆ ವರ್ಷ ಜೋಳ ತೆನೆ ಕಟ್ಟೋ ಹೊತ್ತಿಗೆ ಡಬ್ಬ ಒಡೆದು ಟೇಪು ಎಳೆದು ಗೂಟದಿಂದ ಗೂಟಕ್ಕೆ ಕಟ್ಟಿದ್ವಿ. ಗಾಳಿಗೆ ಅದು ಗುಂಯ್ ಅಂತ ಸದ್ದು ಮಾಡುತ್ತೆ, ಬಿಸಿಲಿಗೆ ಮಿಂಚುತ್ತೆ, ಗಿಳಿ ಹತ್ತಿರ ಬರಲ್ಲ. ನೀವು ಹಳ್ಳಿಯವರಾದರೆ ನೋಡಿರ್ತೀರಿ. ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಹೆಚ್ಚುಕಮ್ಮಿ 250 ಮೀಟರ್ ಟೇಪ್ ಇರುತ್ತೆ. ಚೌಕಾಕಾರದ ಒಂದು ಎಕರೆ ಹೊಲಕ್ಕೆ ಸರಿಯಾಗಿ ಒಂದು ಸುತ್ತು ಬರುತ್ತೆ. ಈ ಲೆಕ್ಕ ನಾನು ಹಾಕಿದ್ದು ಹದಿನೇಳು ವರ್ಷ ಆದಮೇಲೆ, ಹೊಟ್ಟೆ ಉರಿದುಕೊಂಡು.

2020ರಲ್ಲಿ ಲಾಕ್‌ಡೌನ್ ಆಗಿ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದಿದ್ದೆ. ಒಂದು ರಾತ್ರಿ ಅಪ್ಪ ಬಂದು ಪಕ್ಕದಲ್ಲಿ ಕೂತು, "ಅವ್ವುಂದು ಒಂದೂ ನೆಟ್ಟಗಿನ ಫೋಟೊ ಇಲ್ಲ ಕಣಪ್ಪ. ಆ ಮದುವೆ ಸಿಡೀಲಿ ಬತ್ತದಲ್ಲ, ಅದ್ರಾಗೇ ಒಂದು ತೆಗ್ದುಕೊಡು" ಅಂದರು. ಅವರ ಅವ್ವ, ಅಂದರೆ ನಮ್ಮಜ್ಜಿ, ತೀರಿಕೊಂಡಿದ್ದು 1999ರಲ್ಲಿ. ಇದ್ದ ಒಂದು ಫೋಟೊ ರೇಷನ್ ಕಾರ್ಡಿನದು, ಅದೂ ಸೀಲಿನ ಕೆಳಗೆ ಮುಖ ಹೋಗಿತ್ತು. ಸರಿ, ಹತ್ತು ನಿಮಿಷದ ಕೆಲಸ ಅಂದುಕೊಂಡು ಸಿಡಿ ಹಾಕಿದೆ. ಎರಡನೇ ಸಿಡಿಯಲ್ಲಿ, ಬಳೆ ಶಾಸ್ತ್ರದ ಹೊತ್ತಿಗೆ, ಹೆಂಗಸರ ಸಾಲಿನ ಹಿಂದೆ ಅಜ್ಜಿ ಕಾಣುತ್ತಾರೆ. ನಿಲ್ಲಿಸಿ ದೊಡ್ಡದು ಮಾಡಿದೆ. ಮುಖ ಇರಲಿಲ್ಲ. ಕಂದು ಬಣ್ಣದ ಎರಡು ಚೌಕ ಇದ್ದವು.

ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. "ಕ್ಯಾಸೆಟ್ಟಲ್ಲಿ ಚೆನ್ನಾಗ್ ಕಾಣ್ತಿತ್ತು" ಅಂದರು. ಅಷ್ಟೇ. ಜೋಳದ ಹೊಲದ ಮಾತೆತ್ತಲಿಲ್ಲ, ಅದೊಂದು ಪುಣ್ಯ.

ಅಪ್ಪ ಹೇಳಿದ್ದು ನಿಜವೇ, ಅಥವಾ ನೆನಪಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತಾ? ಅಲ್ಲಿಂದ ಶುರುವಾಗಿ ಎರಡು ವರ್ಷ ಈ ಹುಚ್ಚು ಹಿಡಿಯಿತು. ನಮ್ಮ ಜಿಲ್ಲೆಗೆ ವಿಡಿಯೋ ಹೇಗೆ ಬಂತು, ಹೇಗೆ ಹೋಯ್ತು ಅನ್ನೋದನ್ನು ಕೆದಕುತ್ತಾ ಹೋದೆ.

ಈಗ ಕ್ಯಾಮ್‌ಕಾರ್ಡರ್ ಅನ್ನೋ ಪದವೇ ಹಳೆಯದಾಗಿದೆ. ಕ್ಯಾಮೆರಾ ಮತ್ತು ರೆಕಾರ್ಡರ್ ಎರಡೂ ಸೇರಿ ಆದ ಹೆಸರು ಅದು. ಅದಕ್ಕೆ ಮುಂಚೆ ಅವೆರಡೂ ಬೇರೆ ಬೇರೆಯೇ ಇದ್ದವು. 1967ರಲ್ಲಿ ಸೋನಿ ತಂದ ಪೋರ್ಟಾಪ್ಯಾಕ್‌ನಲ್ಲಿ ಕ್ಯಾಮೆರಾ ಕೈಯಲ್ಲಿ, ಟೇಪ್ ಯಂತ್ರ ಹೆಗಲಲ್ಲಿ, ನಡುವೆ ಒಂದು ಕೇಬಲ್. ಎರಡನ್ನೂ ಒಂದೇ ಡಬ್ಬದಲ್ಲಿ ಕೂರಿಸಿದ್ದು 1983ರಲ್ಲಿ, ಸೋನಿಯ ಬೀಟಾಮೂವಿ. ತಮಾಷೆ ಅಂದರೆ ಅದು ರೆಕಾರ್ಡ್ ಮಾಡುತ್ತಿತ್ತು, ಆದರೆ ಮಾಡಿದ್ದನ್ನು ತೋರಿಸೋಕೆ ಅದರಲ್ಲೇ ಆಗುತ್ತಿರಲಿಲ್ಲ. ಮರುವರ್ಷ ಜೆವಿಸಿ ವಿಎಚ್‌ಎಸ್-ಸಿ ಕ್ಯಾಮ್‌ಕಾರ್ಡರ್ ತಂದಿತು. ಈ ಕೂಡುವುದು, ಬೇರೆಯಾಗುವುದು ನೆನಪಿರಲಿ, ಕೊನೆಗೆ ಮತ್ತೆ ಬರುತ್ತೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇದರ ಕಾಲ ಅಳೆಯೋಕೆ ಒಂದು ಒಳ್ಳೆ ಗಡಿಯಾರ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ, ಅಷ್ಟರಲ್ಲಿ ಕ್ಯಾಮೆರಾದ ಒಂದು ತಲೆಮಾರು ಬದಲಾಗಿರುತ್ತೆ. 1981ರ ಫೆಬ್ರವರಿಯಲ್ಲಿ, ಗೊಮ್ಮಟನಿಗೆ ಸಾವಿರ ವರ್ಷ ತುಂಬಿದಾಗ, ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂವು ಸುರಿದರು. ಆಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೂ ಇರಲಿಲ್ಲ, ಅದು ಶುರುವಾಗಿದ್ದು ಅದೇ ವರ್ಷ ನವೆಂಬರ್ 1ಕ್ಕೆ. ದೇಶದಲ್ಲಿ ಬಣ್ಣದ ಟಿವಿ ಬಂದಿದ್ದು 1982ರಲ್ಲಿ, ದೆಹಲಿ ಏಷ್ಯಾಡ್ ನೆಪದಲ್ಲಿ. ಮುಂದಿನ ಅಭಿಷೇಕ 1993ರ ಡಿಸೆಂಬರ್. ಅಷ್ಟೊತ್ತಿಗೆ ಹೆಗಲ ಮೇಲೆ ಇಟ್ಟುಕೊಳ್ಳೋ ವಿಎಚ್‌ಎಸ್ ಕ್ಯಾಮೆರಾ ತಾಲ್ಲೂಕು ಕೇಂದ್ರದ ಸ್ಟುಡಿಯೋಗಳಿಗೆ ಬಂದಿತ್ತು. 2006ರ ಫೆಬ್ರವರಿಯದು ಮಿನಿಡಿವಿ ಕಾಲ. 2018ರದ್ದು ನಿಮಗೆ ಗೊತ್ತೇ ಇದೆ, ಎಲ್ಲರ ಕೈಯಲ್ಲೂ ಮೊಬೈಲು.

1981ಕ್ಕೂ ಹಿಂದೆ ಹೋದರೆ ನಮ್ಮ ಕಡೆಯದು ಖಾಲಿ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚು ಇವತ್ತಿಗೂ ಅರ್ಧ ಮುಳುಗಿ ನಿಂತಿದೆ, ವೀಕೆಂಡ್ ರೀಲ್ಸಿಗೆ ನೀವೂ ಹೋಗಿಬಂದಿರಬಹುದು. ಅಲ್ಲಿಂದ ಎದ್ದು ಹೋದವರು ಹೊಸ ಜಾಗಕ್ಕೆ ಹೊತ್ತುಕೊಂಡು ಹೋದ ಟ್ರಂಕಿನಲ್ಲಿ ಊರಿನ ವಿಡಿಯೋ ಇರಲಿಲ್ಲ. ನಾಲ್ಕೈದು ವರ್ಷ ತಡವಾಗಿದ್ದರೆ ಯಾರೋ ಒಬ್ಬರ ಮದುವೆ ಕ್ಯಾಸೆಟ್ಟಿನಲ್ಲಾದರೂ ಆ ಬೀದಿಗಳು ಉಳಿದಿರುತ್ತಿದ್ದವು.

ಹಾಗೆ ನೋಡಿದರೆ ಮದುವೆ ಕ್ಯಾಸೆಟ್ಟೇ ನಮ್ಮಂಥ ಊರುಗಳ ದಾಖಲೆ. ನಗಬೇಡಿ. ಬೇರೆ ಯಾವ ಕ್ಯಾಮೆರಾ ನಮ್ಮ ಬೀದಿಗೆ ಬಂದಿತ್ತು? ಯಾರ ಮನೆಗೆ ಹೆಂಚು, ಯಾರ ಮನೆಗೆ ತಾರಸಿ, ಚಪ್ಪರಕ್ಕೆ ತೆಂಗಿನ ಗರಿಯೋ ಶಾಮಿಯಾನವೋ, ಪಂಕ್ತಿಯಲ್ಲಿ ಯಾರು ಎಲ್ಲಿ ಕೂತರು, ಯಾರನ್ನು ಕೂರಿಸಲಿಲ್ಲ, ಎಲ್ಲಾ ಅದರಲ್ಲಿದೆ. ಅದರಲ್ಲೂ ಮುಯ್ಯಿ ಬರೆಯೋ ಮೇಜಿನ ದೃಶ್ಯ. ಅದೊಂದು ಆರ್ಥಿಕ ಸಮೀಕ್ಷೆ.

ಅತ್ತೆಯ ಮದುವೆ ವಿಡಿಯೋ ಮಾಡಿದ್ದವರು ಚನ್ನರಾಯಪಟ್ಟಣದವರು. ನಾವೆಲ್ಲಾ ವಿಡಿಯೋ ಅಣ್ಣ ಅಂತಿದ್ವಿ, ಹೆಸರು ಬೇಡ ಅಂದಿದ್ದಾರೆ, ಹಾಗೇ ಕರೀತೀನಿ. 2021ರಲ್ಲಿ ಹುಡುಕಿಕೊಂಡು ಹೋದೆ. ಸ್ಟುಡಿಯೋ ಮುಚ್ಚಿ, ಅದೇ ಮಳಿಗೆಯಲ್ಲಿ ಅವರ ಮಗ ಮೊಬೈಲ್ ರಿಪೇರಿ ಇಟ್ಟಿದ್ದಾನೆ. "ನಿಮ್ಮಜ್ಜಿ ಮನೆ ಮದುವೆ ಜ್ಞಾಪಕ ಐತೆ. ರಾ ಕ್ಯಾಸೆಟ್ ಇಲ್ಲ ಸಾರ್" ಅಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಬೆಂಗಳೂರಿನವನು ಅಂತ ಸಾರ್ ಅಂದಿದ್ದಕ್ಕೆ ಮುಜುಗರವಾಯ್ತು. ಅಣ್ಣ, ಸಾರ್ ಅನ್ಬೇಡಿ ಅಂದೆ. ಆಮೇಲೆ ಸಲೀಸಾಗಿ ಮಾತಾಡಿದರು. ಖಾಲಿ ಕ್ಯಾಸೆಟ್ ದುಬಾರಿ. ಒಂದು ಮದುವೆಯ ಮೂಲ ಕ್ಯಾಸೆಟ್ಟಿಂದ ಎಡಿಟ್ ಮಾಡಿ ಕಾಪಿ ಕೊಟ್ಟಾದ ಮೇಲೆ ಅದರ ಮೇಲೇ ಮುಂದಿನ ಮದುವೆ. "93ರಾಗೆ ಬೆಳಗೊಳದಲ್ಲಿ ಜನದ ಮಧ್ಯೆ ನಿಂತು ಒಂದೂವರೆ ಗಂಟೆ ಹೊಡ್ದಿದ್ದೆ. ಅದರ ಮೇಲೆ ಯಾರದೋ ನಾಮಕರಣ ಹೊಡ್ದೆ. ಯಾರು ಕೇಳಿದ್ರು ಆವಾಗ?" ಅಂದರು. ಅವರ ಮುಖ ನೋಡಿ ನನ್ನ ಜೋಳದ ಹೊಲದ ಕತೆ ಹೇಳಿದೆ. ಇಬ್ಬರೂ ಸಮ ಆದ್ವಿ.

ಮೂಲ ಹೋಯ್ತು. ನಮ್ಮ ಮನೆಯ ಕಾಪಿ ಹೋಯ್ತು. ಉಳಿದಿದ್ದು ಅತ್ತೆ ಮನೆಯದು. ಅವರನ್ನು ಕೊಟ್ಟಿದ್ದು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಗೆ. ಹೊಗೆಸೊಪ್ಪು ಬೆಳೆಯೋ ಮನೆ. ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಕಂಬಳಿ ಕೆಳಗೆ ಕ್ಯಾಸೆಟ್ ಸಿಕ್ಕಿತು, ಡಬ್ಬ ತೆಗೆದರೆ ಹೊಗೆಸೊಪ್ಪಿನ ಘಾಟು. ಕಿಟಕಿಯಿಂದ ನೋಡಿದರೆ ಟೇಪಿನ ಅಂಚಿಗೆ ಬಿಳಿ ಬೂಷ್ಟು. ಇಂಥದ್ದನ್ನು ಹಾಗೇ ಯಂತ್ರಕ್ಕೆ ತುರುಕಬಾರದು. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಟೇಪು ಕಿತ್ತುಬರಬಹುದು, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತೆ. ಐದು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಬೇರೆ ಡಬ್ಬಕ್ಕೆ ಹಾಕಿ, ಐಸೊಪ್ರೊಪೈಲ್ ಹಚ್ಚಿದ ಮೆತ್ತನೆ ಬಟ್ಟೆಯ ನಡುವೆ ಕೈಯಲ್ಲೇ ತಿರುಗಿಸುತ್ತಾ ಒರೆಸಿದೆ. ಎರಡು ಶನಿವಾರ ಹಿಡಿಯಿತು. ಒಂದು ಎಕರೆ ಸುತ್ತು ನಡೆದ ಹಾಗೆ.

ಇನ್ನು ಅದರಿಂದ ಚಿತ್ರ ತೆಗೆಯೋದು. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಸಹಿಸಿಕೊಳ್ಳಿ.

ನಮ್ಮ ದೇಶದ ಪಾಲ್ ಟಿವಿಯ ಚಿತ್ರವನ್ನು ಡಿಜಿಟಲ್ ಮಾಡಿದರೆ 720×576 ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಏನೂ ಹಿಂಡದೆ ಹಾಗೇ ಇಟ್ಟುಕೊಂಡರೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್, ಗಂಟೆಗೆ 75 ಜಿಬಿ ಹತ್ತಿರ. ವಿಸಿಡಿ ಅನ್ನೋದು 1993ರ ಮಾನದಂಡ, ಸಾಮಾನ್ಯ ಆಡಿಯೋ ಸಿಡಿಯ ವೇಗದಲ್ಲೇ ಸಿನಿಮಾ ಓಡಬೇಕು ಅಂತ ಮಾಡಿದ್ದು. ಅದಕ್ಕೆ ಚಿತ್ರಕ್ಕೆ ಸಿಗೋದು ಸೆಕೆಂಡಿಗೆ 1.15 ಮೆಗಾಬಿಟ್. ಅಂದರೆ 144 ಪಾಲಿನಲ್ಲಿ ಒಂದು ಪಾಲು. ಮೊದಲು ಚಿತ್ರವನ್ನು 352×288ಕ್ಕೆ ಇಳಿಸುತ್ತಾರೆ, ಆಮೇಲೆ ಚೌಕ ಚೌಕವಾಗಿ ಹಿಂಡುತ್ತಾರೆ. ಟಿವಿ ಚಿತ್ರದಲ್ಲಿ ಒಂದೊಂದು ಫ್ರೇಮೂ ಎರಡು ಕ್ಷಣಗಳ ಹೆಣಿಗೆ, ಬೆಸ ಗೆರೆ ಒಂದು ಕ್ಷಣದ್ದು, ಸರಿ ಗೆರೆ ಇನ್ನೊಂದರದ್ದು. ವಿಸಿಡಿಗೆ ಇಳಿಸುವಾಗ ಸಾಮಾನ್ಯವಾಗಿ ಅದರಲ್ಲಿ ಒಂದನ್ನು ಬಿಸಾಕುತ್ತಾರೆ. ಸೆಕೆಂಡಿಗೆ 50 ಕ್ಷಣ ಇದ್ದದ್ದು 25 ಆಗುತ್ತೆ.

"ವಿಎಚ್‌ಎಸ್ಸೇ ಅಷ್ಟಕ್ಕಷ್ಟೆ, ಅದಕ್ಕೆ ವಿಸಿಡಿ ಸಾಕಲ್ಲ" ಅಂತ ನನ್ನ ಆಫೀಸಿನ ಗೆಳೆಯರೊಬ್ಬರು ವಾದಿಸಿದರು. ವಿಎಚ್‌ಎಸ್ ಅಡ್ಡಡ್ಡ ಬಿಡಿಸಬಲ್ಲದ್ದು ಸುಮಾರು 240 ಗೆರೆ ಮಾತ್ರ, ನಿಜ. ಬಣ್ಣವಂತೂ ಇನ್ನೂ ಮಸುಕು. ಆದರೆ ಮೇಲಿಂದ ಕೆಳಗೆ 576 ಗೆರೆಯೂ ಇವೆ, 50 ಕ್ಷಣವೂ ಇವೆ. ಇನ್ನೊಂದು ಇದೆ. ಹಳೇ ಟೇಪಿನಲ್ಲಿ ಚಿತ್ರದ ಮೇಲೆಲ್ಲಾ ಸಣ್ಣ ಮರಳು ಎರಚಿದ ಹಾಗೆ ನಾಯ್ಸ್ ಇರುತ್ತೆ, ಕ್ಯಾಮೆರಾ ಕೈಯಲ್ಲಿ ಅಲ್ಲಾಡಿರುತ್ತೆ. ಹಿಂಡೋ ಯಂತ್ರಕ್ಕೆ ಯಾವುದು ಮರಳು, ಯಾವುದು ಅಜ್ಜಿ ಅಂತ ಗೊತ್ತಿಲ್ಲ. ಇದ್ದ 1.15 ಮೆಗಾಬಿಟ್ಟನ್ನು ಎಲ್ಲದಕ್ಕೂ ಹಂಚುತ್ತೆ. ಕೊನೆಗೆ ಹಿಂದಿನ ಸಾಲಿನವರ ಪಾಲಿಗೆ ಎರಡು ಚೌಕ.

ನಮ್ಮ ಕಡೆಯವರಿಗೆ ಕಾಲುವೆ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತೆ. ಹೇಮಾವತಿ ನಾಲೆಯ ಕೊನೇ ಹೊಲದವನಿಗೆ ಬರೋ ನೀರು ನೋಡಿ ಅಣೆಕಟ್ಟಿನಲ್ಲಿ ನೀರೆಷ್ಟಿದೆ ಅಂತ ಹೇಳೋಕಾಗಲ್ಲ. ದಾರಿಯಲ್ಲಿ ಸೋರಿರುತ್ತೆ, ಯಾರೋ ತಿರುಗಿಸಿಕೊಂಡಿರುತ್ತಾರೆ. ಚೆನ್ನಾಗಿ ಬೇಕಿದ್ದರೆ ತೂಬಿನ ಹತ್ತಿರ ಹೋಗಬೇಕು. ವಿಡಿಯೋದಲ್ಲೂ ಹಾಗೇ, ಎಷ್ಟು ಹಿಂದಕ್ಕೆ ಹೋಗಿ ಹಿಡಿದುಕೊಳ್ಳುತ್ತೀವೋ ಅಷ್ಟು ಸಿಗುತ್ತೆ.

ಮೊದಲ ಸಲ ನಾನೂ ಎಲ್ಲರಂತೆ ಆನ್‌ಲೈನಲ್ಲಿ ಸಿಗೋ ಅಗ್ಗದ ಯುಎಸ್‌ಬಿ ಕಡ್ಡಿ ತರಿಸಿ, ವಿಸಿಆರ್‌ನ ಹಳದಿ ವೈರು ಸಿಕ್ಕಿಸಿದೆ. ಬಂತು, ಆದರೆ ಮನುಷ್ಯರೆಲ್ಲಾ ನೀರೊಳಗೆ ನಿಂತ ಹಾಗೆ ಅಲುಗಾಡುತ್ತಿದ್ದರು. ನಡುನಡುವೆ ಫ್ರೇಮುಗಳು ಬಿಟ್ಟುಹೋಗಿ ಮಾತು ಒಂದು ಕಡೆ, ತುಟಿ ಒಂದು ಕಡೆ. ವಿಎಚ್‌ಎಸ್ ಯಂತ್ರದೊಳಗೆ ಒಂದು ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತೆ, ಟೇಪು ಅದರ ಮೈಗೆ ಓರೆಯಾಗಿ ಸುತ್ತಿಕೊಂಡು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿಯುತ್ತೆ. ಇಪ್ಪತ್ತೈದು ವರ್ಷದಲ್ಲಿ ಟೇಪು ಕೂದಲೆಳೆಯಷ್ಟು ಹಿಗ್ಗಿದ್ದರೂ ಒಂದೊಂದು ಗೆರೆಯೂ ಒಂದೊಂದು ಹೊತ್ತಿಗೆ ಬರುತ್ತೆ. ಹಳೇ ಟಿವಿ ಇದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು, ಕಂಪ್ಯೂಟರ್ ಹಾಕಿಕೊಳ್ಳಲ್ಲ. ಗೆರೆಗಳನ್ನು ಸಾಲಾಗಿ ನಿಲ್ಲಿಸೋಕೆ ಟೈಮ್ ಬೇಸ್ ಕರೆಕ್ಟರ್ ಅನ್ನೋದು ಬೇಕು. ಅದು ದುಬಾರಿ. ಬಡವರ ಉಪಾಯ ಅಂದರೆ ಪ್ಯಾನಸಾನಿಕ್‌ನ ಇಎಸ್10, ಇಎಸ್15 ಅನ್ನೋ ಹಳೇ ಡಿವಿಡಿ ರೆಕಾರ್ಡರುಗಳು. ಅವುಗಳಲ್ಲಿ ರೆಕಾರ್ಡ್ ಮಾಡದೆ ಸುಮ್ಮನೆ ಸಿಗ್ನಲ್ ತೂರಿಸಿ ಹೊರಗೆ ತೆಗೆದರೆ ಸಾಕು, ಗೆರೆ ನೆಟ್ಟಗಾಗುತ್ತೆ. ಪ್ರಪಂಚದ ತುಂಬಾ ನನ್ನಂಥ ಹುಚ್ಚರು ಇದನ್ನೇ ಮಾಡುತ್ತಾರೆ.

ಎರಡನೇ ಹೆಜ್ಜೆ, ಹಳದಿ ವೈರು ಬಿಡೋದು. ವಿಎಚ್‌ಎಸ್ ಟೇಪಿನಲ್ಲಿ ಬೆಳಕು, ಬಣ್ಣ ಬೇರೆ ಬೇರೆಯಾಗಿಯೇ ಕೂತಿರುತ್ತವೆ. ಹಳದಿ ವೈರಿನಲ್ಲಿ ಕಳಿಸೋಕೆ ವಿಸಿಆರ್ ಅವೆರಡನ್ನೂ ಕಲಸುತ್ತೆ, ಆಚೆ ಕಡೆಯವನು ಮತ್ತೆ ಬೇರ್ಪಡಿಸಬೇಕು. ಹಾಲಿಗೆ ನೀರು ಹಾಕಿ ಆಮೇಲೆ ತೆಗೆ ಅಂದ ಹಾಗೆ. ಎಸ್-ವಿಡಿಯೋ ಇರೋ ಯಂತ್ರವಾದರೆ ಎರಡೂ ಬೇರೆ ಬೇರೆ ಕಂಬಿಯಲ್ಲೇ ಬರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಭಾನುವಾರ ಅಲೆದು ಅಂಥದ್ದೊಂದು ಹೈ-ಫೈ ವಿಸಿಆರ್ ಹಿಡಿದೆ. ಅದರ ಬೆಲ್ಟು, ರೋಲರು ಸರಿಮಾಡಿಕೊಟ್ಟಿದ್ದು ಹಾಸನದ ಹಳೇ ಟಿವಿ ರಿಪೇರಿಯವರು. "ಇಪ್ಪತ್ತು ವರ್ಷ ಆದ್ಮೇಲೆ ಇದನ್ನ ಬಿಚ್ಚುತಾ ಇವ್ನಿ" ಅಂತ ದುಡ್ಡೇ ಬೇಡ ಅಂದರು, ಬಲವಂತ ಮಾಡಿ ಕೊಟ್ಟೆ.

ಮೂರನೇದು, ಹಿಡಿದಿದ್ದನ್ನು ಹಿಂಡದೆ ಇಡೋದು. ಗಂಟೆಗೆ 75 ಜಿಬಿ ಜಾಸ್ತಿ ಅನಿಸಿದರೆ ಎಫ್‌ಎಫ್‌ವಿ1 ಅನ್ನೋ ಕೋಡೆಕ್ ಇದೆ. ಜಿಪ್ ಫೈಲಿನ ಹಾಗೆ, ಒಂದು ಬಿಟ್ಟೂ ಕಳೆಯದೆ ಚಿಕ್ಕದು ಮಾಡುತ್ತೆ. ಪುಕ್ಕಟೆ, 2021ರಲ್ಲಿ ಆರ್‌ಎಫ್‌ಸಿ 9043 ಅಂತ ಅಧಿಕೃತವಾಗಿ ದಾಖಲೂ ಆಯ್ತು. ಅತ್ತೆಯ ಮದುವೆ ಮೂರು ಗಂಟೆಗೆ ನೂರು ಜಿಬಿ ಹತ್ತಿರ ಬಂತು.

ಇದಕ್ಕೂ ಹಿಂದೆ, ತೂಬಿನ ಬಾಯಿಗೇ ಹೋಗುವವರಿದ್ದಾರೆ. ವಿಸಿಆರ್‌ನ ಚಿತ್ರದ ಸರ್ಕ್ಯೂಟನ್ನೇ ಬಿಟ್ಟು, ಹೆಡ್ಡಿನಿಂದ ಬರೋ ಕಚ್ಚಾ ಅಲೆಯನ್ನೇ ಹಳೇ ಟಿವಿ ಟ್ಯೂನರ್ ಕಾರ್ಡಿನಿಂದ ಹಿಡಿದು, ಮಿಕ್ಕಿದ್ದೆಲ್ಲಾ ಸಾಫ್ಟ್‌ವೇರಿನಲ್ಲಿ ಮಾಡುವ ವಿಎಚ್‌ಎಸ್-ಡಿಕೋಡ್ ಅನ್ನೋ ಯೋಜನೆ ಅದು. ಕಾರ್ಡು ತಂದಿಟ್ಟಿದ್ದೀನಿ. ಬೆಸುಗೆ ಹಾಕೋಕೆ ಇನ್ನೂ ಕೈ ನಡುಗುತ್ತೆ, ಇರೋದು ಒಂದೇ ಯಂತ್ರ.

ಆ ಶನಿವಾರ ರಾತ್ರಿ ಎಲ್ಲಾ ಜೋಡಿಸಿ ಪ್ಲೇ ಒತ್ತಿದೆ. ಬಳೆ ಶಾಸ್ತ್ರದ ಭಾಗ ಬಂತು. ವಿಸಿಡಿ ನೋಡಿ ನೋಡಿ ನನಗೆ ಬಾಯಿಪಾಠ, ಅಲ್ಲಿ ಒಂದು ಸಿನಿಮಾ ಹಾಡು ಬರುತ್ತೆ. ಆಗೆಲ್ಲಾ ಹಾಗೇ, ಶಾಸ್ತ್ರದ ಮೇಲೆ ಹಾಡು ಹಾಕದಿದ್ದರೆ ವಿಡಿಯೋದವರು ಕೆಲಸ ಮಾಡಿಲ್ಲ ಅಂತಿದ್ದರು. ಹಾಡಿಗೆ ಕಾಯುತ್ತಾ ಕೂತೆ. ಹಾಡು ಬರಲಿಲ್ಲ. ಬಂದಿದ್ದು ಗದ್ದಲ. ಪಾತ್ರೆ ಸದ್ದು, ಮಗು ಅಳು, ಯಾರೋ ಗಂಡಸು "ನಮ್ಮ್ ಗೌಡ್ರು ಪ್ರಧಾನಿ ಆಗ್ಬುಟ್ರಲ್ಲಪ್ಪ" ಅನ್ನೋದು. 1996ರ ಜೂನ್ ಮೊದಲ ವಾರದ ಮದುವೆ, ನಮ್ಮ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಮಾಣವಚನ ತಗೊಂಡಿದ್ದು ಜೂನ್ 1ಕ್ಕೆ. ಆಮೇಲೆ ಗದ್ದಲದ ನಡುವೆ ಸೋಬಾನೆ ಎದ್ದಿತು. ಮೊದಲು ಒಂದೇ ದನಿ, ಒಡಕು ದನಿ, ಆಮೇಲೆ ನಾಲ್ಕೈದು ಹೆಂಗಸರು ಸೇರಿಕೊಂಡರು. ಮೊದಲು ಎತ್ತಿದ ದನಿ ಅಜ್ಜಿಯದು.

ಕೆಲಸ ನಿಲ್ಲಿಸಿ ಅಂಗಳಕ್ಕೆ ಹೋಗಿ ನಿಂತಿದ್ದೆ, ಎಷ್ಟು ಹೊತ್ತೋ ಗೊತ್ತಿಲ್ಲ.

ಕಾರಣ ಆಮೇಲೆ ಹುಡುಕಿದೆ, ಇದರಲ್ಲಿ ಪವಾಡವೇನಿಲ್ಲ. ಸಾದಾ ವಿಎಚ್‌ಎಸ್‌ನಲ್ಲಿ ಧ್ವನಿ ಟೇಪಿನ ಅಂಚಿನಲ್ಲಿ ಒಂದು ಸಣ್ಣ ಗೆರೆಯಾಗಿ ಕೂರುತ್ತೆ. ಎಂಬತ್ತರ ದಶಕದ ಹೈ-ಫೈ ಯಂತ್ರಗಳು ಅದರ ಜೊತೆಗೆ, ತಿರುಗೋ ಡ್ರಮ್ಮಿನಿಂದಲೇ, ಚಿತ್ರದ ಅಡಿಯಲ್ಲಿ ಇನ್ನೊಂದು ಧ್ವನಿ ಬರೆಯುತ್ತವೆ. ವಿಡಿಯೋ ಅಣ್ಣ ಎಡಿಟ್ ಮಾಡಿದ ಯಂತ್ರ ಹೈ-ಫೈ. ಕ್ಯಾಮೆರಾದ ಧ್ವನಿ ಎರಡು ಕಡೆಯೂ ಬಿತ್ತು. ಆಮೇಲೆ ಆಡಿಯೋ ಡಬ್ ಗುಂಡಿ ಒತ್ತಿ ಸಿನಿಮಾ ಹಾಡು ಹಾಕಿದಾಗ ಅಳಿದಿದ್ದು ಅಂಚಿನ ಗೆರೆ ಮಾತ್ರ. ಅಡಿಯದು ಹಾಗೇ ಉಳಿಯಿತು, ಯಾಕಂದರೆ ಚಿತ್ರ ಅಳಿಸದೆ ಅದನ್ನು ಅಳಿಸೋಕಾಗಲ್ಲ. ನಮ್ಮೂರಿನಲ್ಲಿ ಇದ್ದದ್ದೆಲ್ಲಾ ಮೋನೋ ವಿಸಿಪಿ. ಅದು ಅಂಚು ಮಾತ್ರ ಓದುತ್ತೆ. ಸಿಡಿ ಮಾಡಿದ ಅಂಗಡಿಯದೂ ಅದನ್ನೇ ಓದಿತು. 25 ವರ್ಷ ಎಲ್ಲರೂ ಸಿನಿಮಾ ಹಾಡು ಕೇಳಿದರು, ಸೋಬಾನೆ ಕೆಳಗೆ ಕೂತಿತ್ತು. ಫೋನ್ ಮಾಡಿ ಹೇಳಿದಾಗ ವಿಡಿಯೋ ಅಣ್ಣ ನಂಬಲಿಲ್ಲ. ಆಮೇಲೆ, "ಹಂಗಾರೆ ಬೇರೆ ಮದ್ವೆಗಳಾಗೂ ಐತೆ ಅನ್ನು" ಅಂದರು.

ಅಜ್ಜಿಯ ಮುಖವೂ ಸಿಕ್ಕಿತು. ಫೋಟೊ ಅಂದುಕೊಳ್ಳಬೇಡಿ, ಮಸುಕೇ. ಆದರೆ ಮೂಗುತಿ ಹೊಳೆಯುತ್ತೆ, ಹಾಡುವಾಗ ಒಂದು ಕಡೆಗೆ ತಿರುಗೋ ತುಟಿ ಕಾಣುತ್ತೆ. ಅಪ್ಪ ಅದನ್ನೇ ಕಟ್ಟು ಹಾಕಿಸಿದ್ದಾರೆ.

ಟೇಪುಗಳಿಗೆ ಹೆಚ್ಚು ಸಮಯ ಇಲ್ಲ ಅನ್ನೋದು ಹೊಸ ಮಾತಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, 2025ರೊಳಗೆ ಡಿಜಿಟಲ್ ಮಾಡದ ಟೇಪು ಬಹುಪಾಲು ಹೋದ ಹಾಗೇ ಅಂತ ಎಚ್ಚರಿಸಿತ್ತು. ಯುನೆಸ್ಕೋ 2019ರಲ್ಲಿ ಇದೇ ಕೂಗು ಹಾಕಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು. ಟೇಪಿಗಿಂತ ಮುಂಚೆ ಅದನ್ನು ಓದೋ ಯಂತ್ರ, ಅದಕ್ಕೂ ಮುಂಚೆ ಅದನ್ನು ರಿಪೇರಿ ಮಾಡೋ ಕೈ ಹೋಗುತ್ತಿದೆ.

ಈ ಸಿಡಿ ಕತೆ ಹೇಳಿದಾಗ ವಿಡಿಯೋ ಅಣ್ಣ ತಮ್ಮ ಆಮೇಲಿನ ಕ್ಯಾಮೆರಾ ತೆಗೆದು ತೋರಿಸಿದರು. ಸೋನಿ ಎಫ್‌ಎಕ್ಸ್1000, ಸಾಲ ಮಾಡಿ ತಂದಿದ್ದಂತೆ. ಎಚ್‌ಡಿವಿ ಕ್ಯಾಮೆರಾ. ಮಿನಿಡಿವಿ ಕ್ಯಾಸೆಟ್ಟು ಸಾದಾ ಚಿತ್ರಕ್ಕೆ ಮಾಡಿದ್ದು, ಸೆಕೆಂಡಿಗೆ 25 ಮೆಗಾಬಿಟ್. ಎಚ್‌ಡಿವಿ ಅನ್ನೋದು ಅದೇ ಕ್ಯಾಸೆಟ್ಟಿನಲ್ಲಿ, ಅದೇ 25 ಮೆಗಾಬಿಟ್ಟಿನಲ್ಲಿ ಎಚ್‌ಡಿ ಚಿತ್ರ ತುರುಕೋ ಉಪಾಯ. 1920ರ ಅಗಲವನ್ನು 1440ಕ್ಕೆ ಇಳಿಸಿ, ಬಣ್ಣ ಕಡಿಮೆ ಮಾಡಿ, ಹನ್ನೆರಡು ಫ್ರೇಮಿಗೆ ಒಂದನ್ನು ಮಾತ್ರ ಪೂರ್ತಿ ಬರೆದು ಉಳಿದವಕ್ಕೆ ವ್ಯತ್ಯಾಸ ಮಾತ್ರ ಬರೆಯುತ್ತೆ. ಧಾರೆ ಹೊತ್ತಿನಲ್ಲಿ ಅಕ್ಷತೆ ಬೀಳುವಾಗ ಚಿತ್ರ ಚೂರು ಚೂರಾಗೋದು ಅದಕ್ಕೇ.

ಆದರೆ ಮಸೂರ, ಸೆನ್ಸರ್ ಎರಡೂ ಚೆನ್ನಾಗಿವೆ. ಹಿಂಡೋದು ಆಮೇಲಿನ ಕೆಲಸ. ಕ್ಯಾಮೆರಾದ ಎಚ್‌ಡಿಎಂಐ ತೂತಿನಿಂದ, ಶೂಟ್ ಮಾಡುತ್ತಿರೋ ಹೊತ್ತಿನಲ್ಲಿ, ಹಿಂಡೋಕೆ ಮುಂಚಿನ ಚಿತ್ರ ಹೊರಗೆ ಬರುತ್ತೆ. ಸೆಕೆಂಡಿಗೆ 830 ಮೆಗಾಬಿಟ್ ಹತ್ತಿರ, ಟೇಪಿಗೆ ಹೋಗೋದರ 33 ಪಟ್ಟು. 2007ರಲ್ಲಿ ಕ್ಯಾನನ್‌ನ ಎಚ್‌ವಿ20 ಅನ್ನೋ ಪುಟ್ಟ ಕ್ಯಾಮೆರಾ ಬಂದಾಗ ಹವ್ಯಾಸಿ ಸಿನಿಮಾದವರು ಇದನ್ನು ಬ್ಲ್ಯಾಕ್‌ಮ್ಯಾಜಿಕ್ ಇಂಟೆನ್ಸಿಟಿ ಕಾರ್ಡು ಹಾಕಿದ ಡೆಸ್ಕ್‌ಟಾಪಿಗೆ ಸಿಕ್ಕಿಸಿ ಹಿಡಿಯುತ್ತಿದ್ದರು. ಕ್ಯಾಮೆರಾ ಅಂಗೈಯಗಲ, ಪಕ್ಕದಲ್ಲಿ ಇಡೀ ಕಂಪ್ಯೂಟರು. 2011ರ ಹೊತ್ತಿಗೆ ಅಟೋಮೊಸ್ ನಿಂಜಾ, ಹೈಪರ್‌ಡೆಕ್ ಷಟಲ್ ಥರದ ಕೈಯಲ್ಲಿ ಹಿಡಿಯೋ ರೆಕಾರ್ಡರುಗಳು ಬಂದವು. 1983ರಲ್ಲಿ ಒಂದಾಗಿದ್ದ ಕ್ಯಾಮೆರಾ, ರೆಕಾರ್ಡರು ಮತ್ತೆ ಬೇರೆ ಬೇರೆ, ನಡುವೆ ಮತ್ತೆ ಒಂದು ಕೇಬಲ್. ಒಂದು ಮಾತು ಇಲ್ಲಿ ಹೇಳಬೇಕು. ಇದು ಹೊಸದಾಗಿ ಶೂಟ್ ಮಾಡೋಕೆ ಮಾತ್ರ. ಆಗಲೇ ಟೇಪಿನಲ್ಲಿರೋ ಡಿವಿ, ಎಚ್‌ಡಿವಿ ಹಿಂಡಿ ಆಗಿಹೋಗಿದೆ. ಅದನ್ನು ಫೈರ್‌ವೈರ್‌ನಲ್ಲಿ ಹಾಗೇ ಕಾಪಿ ಮಾಡಿಕೊಂಡರೆ ಮುಗೀತು, ಎಚ್‌ಡಿಎಂಐನಿಂದ ಹೆಚ್ಚೇನೂ ಬರಲ್ಲ. ಬರುತ್ತೆ ಅಂತ ಹೇಳಿ ದುಡ್ಡು ಕೇಳುವವರಿದ್ದಾರೆ, ಹುಷಾರು.

ವಿಡಿಯೋ ಅಣ್ಣನ ಎಫ್‌ಎಕ್ಸ್1000ರಲ್ಲಿ ಟೇಪಿನ ಭಾಗ ಸತ್ತುಹೋಗಿತ್ತು. ಕ್ಯಾಸೆಟ್ ನುಂಗಿ ಬಾಯಿ ತೆಗೆಯಲ್ಲ. ಹತ್ತು ವರ್ಷದಿಂದ ಬೀರುವಿನಲ್ಲಿತ್ತು. ಪಿನ್ನಿನಿಂದ ಮೀಟಿ ಕ್ಯಾಸೆಟ್ ತೆಗೆದು, ಸೆಕೆಂಡ್ ಹ್ಯಾಂಡ್ ನಿಂಜಾ ಒಂದನ್ನು ಎಚ್‌ಡಿಎಂಐಗೆ ಸಿಕ್ಕಿಸಿದೆ. ಮೆನುವಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಬ್ಯಾಟರಿ ಗುರುತು ಕೂಡ ಅಜ್ಜಿ ಹಣೆ ಮೇಲೆ ರೆಕಾರ್ಡ್ ಆಗುತ್ತೆ. ಕ್ಯಾಸೆಟ್ ಇಲ್ಲದೇ ಇರೋದೂ ಒಳ್ಳೆಯದೇ ಆಯ್ತು, ಒಳಗಿದ್ದರೆ ಟೇಪು ಸವೆಯಬಾರದು ಅಂತ ಸ್ವಲ್ಪ ಹೊತ್ತಿಗೆ ತಾನೇ ಮಲಗಿಬಿಡುತ್ತೆ. ಚಿತ್ರ ಮೂಡಿದಾಗ ವಿಡಿಯೋ ಅಣ್ಣ ಏನೂ ಮಾತಾಡಲಿಲ್ಲ. ಝೂಮಿನ ಮೇಲೆ ಬೆರಳಿಟ್ಟು ರಸ್ತೆಯ ಆಚೆ ಇದ್ದ ಬೇಕರಿ ಬೋರ್ಡಿನವರೆಗೂ ನಿಧಾನವಾಗಿ ಹೋಗಿ, ನಿಧಾನವಾಗಿ ವಾಪಸ್ ಬಂದರು. ಒಂದು ಕುಲುಕೂ ಇಲ್ಲ.

ಅಜ್ಜಿಯ ಜೊತೆ ಅವತ್ತು ಹಾಡಿದವರಲ್ಲಿ ಇಬ್ಬರು ಇದ್ದಾರೆ. ಅತ್ತೆಗೂ ಅಷ್ಟಿಷ್ಟು ಬರುತ್ತೆ. ಕಳೆದ ಶಿವರಾತ್ರಿ ಆದ ಮೇಲೆ ಮೂವರನ್ನೂ ಅತ್ತೆ ಮನೆಯಲ್ಲಿ ಸೇರಿಸಿದ್ವಿ. ವಿಡಿಯೋ ಅಣ್ಣ ಚನ್ನರಾಯಪಟ್ಟಣದಿಂದ ಎರಡು ಬಸ್ ಬದಲಾಯಿಸಿ ಕ್ಯಾಮೆರಾ ಹೊತ್ತು ಬಂದರು. ಮೊಬೈಲಿನಲ್ಲೇ ಮಾಡಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಮಾಡಬಹುದಿತ್ತು. ಬಹುಶಃ ಇನ್ನೂ ಚೆನ್ನಾಗೂ ಬರುತ್ತಿತ್ತು. ಆದರೆ ಇದು ಅವರ ಕ್ಯಾಮೆರಾ, ಅವರು ಹಿಡೀಬೇಕು ಅಂತ ಮೊದಲೇ ಮಾತಾಗಿತ್ತು. ಮೊದಲು ಅಜ್ಜಿಯ ದನಿ ಕೇಳಿಸಿದೆ. ಮೂವರೂ ಸೆರಗು ಬಾಯಿಗೆ ಹಿಡಿದುಕೊಂಡು ಕೇಳಿದರು. ದೊಡ್ಡವರು, ಎಂಬತ್ತು ದಾಟಿದವರು, "ಅವಳು ಅಲ್ಲಿ ಒಂದು ಸಾಲು ಬಿಟ್ಬುಟ್ಟವ್ಳೆ" ಅಂತ ತಪ್ಪು ಹಿಡಿದು, ಆ ಸಾಲು ಸೇರಿಸಿ ಹಾಡಿದರು. ಒಂದು ಗಂಟೆ ಹತ್ತು ನಿಮಿಷ ಆಯ್ತು. ಸಿನಿಮಾ ಹಾಡು ಹಾಕಲ್ಲ ತಾನೇ ಅಂತ ವಿಡಿಯೋ ಅಣ್ಣನನ್ನು ರೇಗಿಸಿದೆ, ಅವರು ನಕ್ಕರು.

ಡಿಸ್ಕು ನೋಡಿದರೆ 95 ಜಿಬಿ ಚಿಲ್ಲರೆ. ಎರಡು ಕಡೆ ಕಾಪಿ ಮಾಡಿಟ್ಟೆ, ಒಂದು ವಿಡಿಯೋ ಅಣ್ಣನಿಗೆ.

ಹೊರಡೋ ಹೊತ್ತಿಗೆ ಅತ್ತೆ ಕಾಫಿ ಲೋಟ ಕೈಗಿಟ್ಟು, "ಮಗಾ, ಅದನ್ನ ವಾಟ್ಸಾಪಿಗೆ ಕಳ್ಸು, ಸ್ಟೇಟಸ್ಸಿಗೆ ಹಾಕ್ಕೋಬೇಕು" ಅಂದರು. ಅರ್ಧ ನಿಮಿಷಕ್ಕೆ ಕತ್ತರಿಸಿ, ಹಿಂಡಿ ಹಿಂಡಿ ಮೂರು ಎಂಬಿ ಮಾಡಿ, ಅಲ್ಲೇ ಜಗಲಿ ಮೇಲೆ ಕೂತು ಕಳಿಸಿದೆ.